ಮಾಂಸೋದ್ಯಮ ಮತ್ತು ಫಾಸ್ಟ್ ಫುಡ್: ಕರ್ನಾಟಕ ಕೇಳಿದ ಪ್ರಶ್ನೆಗಳು, ಕೇಳದೆ ಬಿಟ್ಟವು

ಮಾಂಸ ತಿನ್ನುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಕನ್ನಡ ನಾಡಿಗೆ ಬಹಳ ಹಳೆಯದು. ಮಾಂಸವನ್ನು ಕಾರ್ಖಾನೆಯ ಸರಕಿನ ಹಾಗೆ ತಯಾರಿಸಿ, ಹತ್ತು ನಿಮಿಷದಲ್ಲಿ ಕರಿದು ಮಾರುವುದು ಸರಿಯೋ ತಪ್ಪೋ ಎಂಬುದು ಈಚಿನದು. ಎರಡನ್ನೂ ಒಂದೇ ಎಂದು ತಿಳಿಯುವುದು ರೂಢಿ, ಆದರೆ ಅವು ಬೇರೆ ಬೇರೆ. ಮೊದಲನೆಯದು ಕೊಲ್ಲುವುದನ್ನು ಕುರಿತದ್ದು. ಎರಡನೆಯದು ಕೊಲ್ಲುವ ಮುನ್ನ ಮತ್ತು ಆಮೇಲೆ ನಡೆಯುವುದನ್ನೆಲ್ಲ ಕುರಿತದ್ದು: ಪ್ರಾಣಿ ಹೇಗೆ ಬದುಕಿತು, ಸಾಕಿದವನಿಗೆ ಏನು ದಕ್ಕಿತು, ಕೊಯ್ಯುವ ಕೆಲಸ ಯಾರ ಪಾಲಿಗೆ ಬಂತು, ತಿಂದವನ ಹೊಟ್ಟೆಗೆ ಮಾಂಸದ ಜೊತೆಗೆ ಇನ್ನೇನು ಹೋಯಿತು. ಕರ್ನಾಟಕದ ಮಠ, ಮಾಧ್ಯಮ, ವಿಧಾನಸಭೆಗಳಲ್ಲಿ ನಡೆದ ಜಗಳಗಳೆಲ್ಲ ಹೆಚ್ಚುಕಡಿಮೆ ಮೊದಲನೆಯದರ ಸುತ್ತಲೇ ನಡೆದಿವೆ. ಎರಡನೆಯದು ಕೋಳಿ ಶೆಡ್ಡಿನೊಳಗೇ ಉಳಿದಿದೆ.

ಹಳೆಯ ಪ್ರಶ್ನೆಯ ಬೇರು ಆಳವಾಗಿದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ದೇವಿಗೆ ಬಲಿ ಕೊಟ್ಟದ್ದು ನಿಜವಾದ ಕೋಳಿಯನ್ನೂ ಅಲ್ಲ, ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪ ಹಿಂಸೆಗಾಗಿಯೇ ಬಲಿ ಕೊಟ್ಟ ತಾಯಿ ಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಗುತ್ತದೆ. ಜೈನರು ಹಾಕಿಕೊಟ್ಟ ಈ ಕಟ್ಟುನಿಟ್ಟು, ಶರಣರು ಯಜ್ಞದ ಬಲಿಯನ್ನು ಪ್ರಶ್ನಿಸಿದ ರೀತಿ, ಮುಂದೆ ಲಿಂಗಾಯತ ಮಠಗಳ ಸಸ್ಯಾಹಾರ, ಇವೆಲ್ಲ ಸೇರಿ ಉತ್ತರ ಕರ್ನಾಟಕದಲ್ಲಿ ಒಂದು ಆಹಾರ ನೀತಿಯನ್ನು ಕಟ್ಟಿದವು. ದೇವರ ಹೆಸರಿನಲ್ಲಿ ಪ್ರಾಣಿ ಕೊಲ್ಲುವುದನ್ನು ತಡೆಯಲು 1959ರಲ್ಲೇ ರಾಜ್ಯದಲ್ಲಿ ಪ್ರಾಣಿಬಲಿ ತಡೆ ಕಾಯ್ದೆ ಬಂತು. ಅದೇ ನೆಲದಲ್ಲಿ ಇನ್ನೊಂದು ನಡೆಯೂ ಇತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಲಿಂಗಾಯತ ಖಾನಾವಳಿಯ ಫಲಕ ಎಷ್ಟು ಪರಿಚಿತವೋ ಸಾವಜಿ ಖಾನಾವಳಿಯ ಫಲಕವೂ ಅಷ್ಟೇ ಪರಿಚಿತ. ನೇಕಾರಿಕೆಯ ಹಿನ್ನೆಲೆಯ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರ ಖಾರದ ಮಟನ್ ಊಟ ಈ ಊರಿನ ಗುರುತುಗಳಲ್ಲಿ ಒಂದಾಯಿತು. 2014ರ ಸರ್ಕಾರಿ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಮಾಂಸಾಹಾರಿಗಳು. ಅಂದರೆ ಸಾರ್ವಜನಿಕವಾಗಿ ಕೇಳಿಸುವ ದನಿಗೂ ಮನೆಯೊಳಗೆ ಬೇಯುವ ಸಾರಿಗೂ ಇಲ್ಲಿ ಮೊದಲಿನಿಂದಲೂ ಅಂತರವಿದೆ.

ಕುರಿ, ಆಡು, ಜವಾರಿ ಕೋಳಿಗಳ ಮಾಂಸ ವಾರಕ್ಕೊಮ್ಮೆಯೋ ಹಬ್ಬಕ್ಕೋ ಬೇಯುತ್ತಿದ್ದ ಕಾಲದಲ್ಲಿ ಎರಡನೆಯ ಪ್ರಶ್ನೆ ಹುಟ್ಟುವ ಹಾಗೇ ಇರಲಿಲ್ಲ. ಪ್ರಾಣಿ ಕಣ್ಣೆದುರಿಗೇ ಬೆಳೆಯುತ್ತಿತ್ತು. ಕುರುಬರ ಮಂದೆ ಸುಗ್ಗಿ ಮುಗಿದ ಹೊಲಗಳಲ್ಲಿ ಮೇಯುತ್ತಿತ್ತು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸಿಕೊಂಡ ರೈತ ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಿದ್ದ. ಈ ವ್ಯವಸ್ಥೆ ಪೂರ್ತಿ ಅಳಿದಿಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ, ಬಾಗಲಕೋಟೆ ಜಿಲ್ಲೆಯ ಅಮೀನಗಡದ ಕುರಿ ಸಂತೆ ಇನ್ನೂ ಜೋರಾಗಿಯೇ ನಡೆಯುತ್ತದೆ. ಸಾಗಾಟದ ಹಿಂಸೆ, ಬಯಲಿನಲ್ಲಿ ಕೊಯ್ಯುವ ಹೊಲಸು ಇಲ್ಲಿಯೂ ಇವೆ. ಆದರೂ ಬಯಲಲ್ಲಿ ಮೇದು ಬೆಳೆದ ಕುರಿಯ ಬದುಕು ಕಾರ್ಖಾನೆಯ ಬದುಕಲ್ಲ. ಪ್ರಶ್ನೆ ತೀವ್ರವಾಗಿ ಏಳುವುದು ಕೋಳಿಯಲ್ಲಿ.

ಹುಬ್ಬಳ್ಳಿಯ ದಕ್ಷಿಣದ ಅಂಚಿನ ಗಬ್ಬೂರ ಬಳಿ ಬೆಂಗಳೂರು ರಸ್ತೆಯಿಂದ ಬೈಪಾಸ್ ಕವಲೊಡೆದು ನರೇಂದ್ರದತ್ತ ಸಾಗುತ್ತದೆ. ಪುಣೆ-ಬೆಂಗಳೂರು ಹೆದ್ದಾರಿಯ ಈ ತುಂಡಿನಲ್ಲಿ ಮೆಕ್ಕೆಜೋಳ ತುಂಬಿದ ಲಾರಿಯೂ ಕೋಳಿಯ ಕ್ರೇಟು ಪೇರಿಸಿದ ಗಾಡಿಯೂ ಒಂದೇ ಟೋಲ್ ದಾಟುತ್ತವೆ. ಇವೆರಡಕ್ಕೂ ನೇರ ಸಂಬಂಧವಿದೆ. ಹಾವೇರಿ, ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಹಬ್ಬಿದ್ದರ ಹಿಂದೆ ಕೋಳಿ ಆಹಾರದ ಬೇಡಿಕೆಯ ಪಾಲು ದೊಡ್ಡದು. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ ಸೇರಿಸಿದ ಫೀಡನ್ನು ತಿಂದು ಬ್ರಾಯ್ಲರ್ ಕೋಳಿ 35ರಿಂದ 42 ದಿನಗಳಲ್ಲಿ ಎರಡು ಕಿಲೋ ತೂಗುತ್ತದೆ. ಕಿಲೋ ತೂಕಕ್ಕೆ ಒಂದೂವರೆಯಿಂದ ಎರಡು ಕಿಲೋ ಫೀಡ್ ಸಾಕು. ಅರ್ಥಶಾಸ್ತ್ರದ ಕಣ್ಣಿಗೆ ಇದೊಂದು ಅದ್ಭುತ. ಕೋಳಿಯ ಕಡೆಯಿಂದ ನೋಡಿದರೆ ಎದೆಯ ಮಾಂಸ ಕಾಲಿನ ಎಲುಬಿಗಿಂತ ಬೇಗ ಬೆಳೆಯುವಂತೆ ಆರಿಸಿ ತಳಿ ಮಾಡಿದ ದೇಹ ಅದು. ಅನೇಕ ಕೋಳಿಗಳು ಕೊನೆಯ ವಾರ ಕುಂಟುತ್ತವೆ, ಕೆಲವು ಹೃದಯ ನಿಂತು ಸಾಯುತ್ತವೆ. ಈ ನೋವು ಸಾಕುವವನ ಕ್ರೌರ್ಯದಿಂದ ಬಂದದ್ದಲ್ಲ. ತಳಿಯೊಳಗೇ ಇಟ್ಟು ಕಳಿಸಿದ್ದು. ಹಾಗಾಗಿ ಇದರಲ್ಲಿ ತಪ್ಪಿತಸ್ಥನನ್ನು ಬೆರಳು ಮಾಡಿ ತೋರಿಸುವುದು ಕಷ್ಟ.

ಭಾರತದಲ್ಲಿ ಈ ಉದ್ಯಮವನ್ನು ಕಟ್ಟಿದವರಲ್ಲಿ ಪುಣೆಯ ವೆಂಕಟೇಶ್ವರ ಹ್ಯಾಚರೀಸ್ ಮತ್ತು ತಮಿಳುನಾಡಿನ ಸುಗುಣ ಮುಂಚೂಣಿಯವು. ಸುಗುಣದಂಥ ಸಂಸ್ಥೆಗಳು ಹರಡಿದ ಕರಾರು ಸಾಕಣೆಯಲ್ಲಿ ಮರಿ, ಫೀಡು, ಔಷಧ, ಡಾಕ್ಟರು ಎಲ್ಲವೂ ಕಂಪನಿಯವು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನವು. ಬ್ಯಾಚ್ ಮುಗಿದ ಮೇಲೆ ಕಿಲೋಗೆ ಇಷ್ಟು ಎಂದು ಸಾಕಣೆ ಕೂಲಿ ಸಿಗುತ್ತದೆ. ಮಾರುಕಟ್ಟೆಯ ಏರಿಳಿತದಿಂದ ರೈತನಿಗೆ ರಕ್ಷಣೆ ಎಂಬುದು ಇದರ ಪರವಾದ ವಾದ, ಅದು ಸುಳ್ಳಲ್ಲ. ಆದರೆ ಮರಿ ದುರ್ಬಲವಾಗಿ ಬಂದರೆ, ಫೀಡು ಚೆನ್ನಾಗಿಲ್ಲದಿದ್ದರೆ ಕಡಿತ ಬೀಳುವುದು ಕೂಲಿಗೆ. ಸಾಲ ಮಾಡಿ ಕಟ್ಟಿದ ಶೆಡ್ಡು ಬೇರೆ ಯಾವುದಕ್ಕೂ ಒದಗದು. ಹೊಲವಿದ್ದೂ ತನ್ನದೇ ಹೊಲದಲ್ಲಿ ಕೂಲಿಯಾಗುವ ಈ ಸ್ಥಿತಿಯನ್ನು ಮಾಂಸದ ನೀತಿಯ ಚರ್ಚೆ ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ವ್ಯವಸ್ಥೆ ಎಲ್ಲಿ ಬಿರುಕು ಬಿಡುತ್ತದೆ ಎಂಬುದು 2020ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ್ದೇ ತಡ, ಶೆಡ್ಡಿನ ಬಾಗಿಲಲ್ಲಿ ದರ ಕಿಲೋಗೆ ಐದೋ ಹತ್ತೋ ರೂಪಾಯಿಗೆ ಕುಸಿಯಿತು. ಫೀಡಿನ ಖರ್ಚೂ ಹುಟ್ಟದ ಹೊತ್ತಿನಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಸಾಕಣೆದಾರರೊಬ್ಬರು ಸುಮಾರು 6,000 ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂಳಿದರು. ಕೋಲಾರ ಜಿಲ್ಲೆಯಲ್ಲೂ ಅಂಥದೇ ಘಟನೆ ನಡೆಯಿತು. ವಿಡಿಯೊ ನೋಡಿದವರು ರೈತನನ್ನು ಬೈದರು. ನಲವತ್ತನೆಯ ದಿನ ದಾಟಿದ ಬ್ರಾಯ್ಲರ್ ಪ್ರತಿದಿನ ತಿನ್ನುವುದು ನಷ್ಟವನ್ನೇ ಎಂಬುದು, ಅದನ್ನು ಬಯಲಿಗೆ ಬಿಟ್ಟರೂ ಬದುಕಲಾರದು ಎಂಬುದು ಬೈದವರಿಗೆ ತಿಳಿದಿರಲಿಲ್ಲ. ಹಕ್ಕಿ ಜ್ವರ ಬಂದಾಗ ಇದೇ ಕೆಲಸವನ್ನು ಸರ್ಕಾರವೇ ಮಾಡುತ್ತದೆ: 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣಾ ಕೇಂದ್ರದಲ್ಲಿ, 2025ರ ಆರಂಭದಲ್ಲಿ ಬಳ್ಳಾರಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರಾರು ಹಕ್ಕಿಗಳನ್ನು ಕೊಂದು ಹೂಳಲಾಯಿತು. ಒಂದೇ ಸೂರಿನ ಕೆಳಗೆ ಒಂದೇ ತಳಿಯ ಸಾವಿರಾರು ಜೀವಗಳನ್ನು ಒತ್ತಿ ತುಂಬಿದರೆ ಸೋಂಕು ತಗುಲಿದಾಗ ಉಳಿಯುವ ದಾರಿ ಇದೊಂದೇ.

ಮೊಟ್ಟೆಯ ಕೋಳಿಯ ಕಥೆ ಬೇರೆ. ಬ್ರಾಯ್ಲರ್‌ಗಾದರೂ ನೆಲ, ಹೊಟ್ಟು ಸಿಗುತ್ತದೆ. ಲೇಯರ್ ಕೋಳಿ ಒಂದೂವರೆ ವರ್ಷ ತಂತಿಯ ಬ್ಯಾಟರಿ ಪಂಜರದಲ್ಲೇ ನಿಲ್ಲುತ್ತದೆ. ಕೇಂದ್ರ ಕಾನೂನು ಆಯೋಗ 2017ರ ತನ್ನ 269ನೆಯ ವರದಿಯನ್ನು ಇಡಿಯಾಗಿ ಮೊಟ್ಟೆ ಮತ್ತು ಮಾಂಸದ ಕೋಳಿಗಳ ಸಾಕಣೆ, ಸಾಗಾಟಕ್ಕೇ ಮೀಸಲಿಟ್ಟಿತು. 2023ರಲ್ಲಿ ಬಂದ ನಿಯಮಗಳು ಪ್ರತಿ ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಇರಬೇಕೆಂದು ಹೇಳಿದವು. ಬರೆಯುವ ಎ4 ಹಾಳೆ ಸುಮಾರು 624 ಚದರ ಸೆಂಟಿಮೀಟರ್ ಇರುತ್ತದೆ. ಹಾಳೆಗಿಂತ ಚಿಕ್ಕದಾದ ಈ ಜಾಗವೇ ಸುಧಾರಣೆ ಎನಿಸಿಕೊಂಡಿದೆ ಎಂದ ಮೇಲೆ ಹಿಂದಿನದನ್ನು ಊಹಿಸಬಹುದು. ಯುರೋಪಿನ ಒಕ್ಕೂಟ ಬರಿಯ ಬ್ಯಾಟರಿ ಪಂಜರವನ್ನು 2012ರಿಂದಲೇ ನಿಷೇಧಿಸಿದೆ. ಮೊಟ್ಟೆಯ ತಳಿಯ ಗಂಡು ಮರಿಗಳು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೆಳೆಯುವುದಿಲ್ಲ; ಹ್ಯಾಚರಿಯಲ್ಲಿ ಮೊದಲ ದಿನವೇ ಅವುಗಳ ಲೆಕ್ಕ ಮುಗಿಯುತ್ತದೆ. ಹಳ್ಳಿಯ ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಅದ್ದಿ ಮಕ್ಕಳಿಗೆ ಮಾರುವ ಮರಿಗಳು ಹೆಚ್ಚಾಗಿ ಇವೇ. ಜರ್ಮನಿ 2022ರಿಂದ ಗಂಡು ಮರಿ ಕೊಲ್ಲುವುದನ್ನು ನಿಲ್ಲಿಸಿತು. ಇಲ್ಲಿ ಆ ಪ್ರಶ್ನೆ ಇನ್ನೂ ಎದ್ದೇ ಇಲ್ಲ ಎನ್ನಬೇಕು.

ಇಕ್ಕಟ್ಟಿನಲ್ಲಿ ರೋಗ ತಡೆಯಲು ಆ್ಯಂಟಿಬಯಾಟಿಕ್ ಬಂತು. ತೂಕ ಬೇಗ ಏರುತ್ತದೆ ಎಂದು ಗೊತ್ತಾದ ಮೇಲೆ ರೋಗವಿಲ್ಲದಾಗಲೂ ಫೀಡಿನಲ್ಲಿ ಬೆರೆಯತೊಡಗಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ರಾಜಧಾನಿ ವಲಯದ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಲ್ಲಿ ಔಷಧದ ಉಳಿಕೆ ಕಂಡಿತು. ಮನುಷ್ಯನಿಗೆ ಬೇರೆ ಔಷಧ ನಾಟದಿದ್ದಾಗ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡ ಕೊಲಿಸ್ಟಿನ್ ಕೂಡ ಕೋಳಿಗೆ ಹೋಗುತ್ತಿತ್ತು. ಕೇಂದ್ರ ಆರೋಗ್ಯ ಇಲಾಖೆ 2019ರ ಜುಲೈನಲ್ಲಿ ಅದನ್ನು ನಿಷೇಧಿಸಿತು. ಪ್ರಾಣಿದಯೆಯನ್ನು ಒಪ್ಪದವನಿಗೂ ಈ ಪ್ರಶ್ನೆಯಿಂದ ಜಾರಿಕೊಳ್ಳಲು ಬರುವುದಿಲ್ಲ. ಔಷಧಕ್ಕೆ ಬಗ್ಗದ ರೋಗಾಣು ಕೋಳಿ ತಿಂದವನ ಮನೆ, ತಿನ್ನದವನ ಮನೆ ಎಂದು ನೋಡಿ ಹೋಗುವುದಿಲ್ಲ.

ಕಾನೂನಿನ ಕಣ್ಣಿಗೆ ಇವೆಲ್ಲ ಎಷ್ಟು ಚಿಕ್ಕವು ಎಂಬುದನ್ನು ಎರಡು ಕಾಯ್ದೆಗಳನ್ನು ಜೊತೆಗಿಟ್ಟು ನೋಡಿದರೆ ತಿಳಿಯುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಾಣಿಯನ್ನು ಅಲುಗಾಡಲಾಗದ ಪಂಜರದಲ್ಲಿಡುವುದನ್ನು, ನರಳುವಂತೆ ಸಾಗಿಸುವುದನ್ನು ಅಪರಾಧ ಎನ್ನುತ್ತದೆ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಆರು ದಶಕ ಕಳೆದರೂ ಮೊತ್ತ ಬದಲಾಗಿಲ್ಲ. 2021ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ದಂಡ 50 ಸಾವಿರದಿಂದ 5 ಲಕ್ಷ ರೂಪಾಯಿ. ಪ್ರಾಣಿಯನ್ನು ಬದುಕಿರುವಷ್ಟು ದಿನ ನರಳಿಸಿದವನಿಗೆ ಐವತ್ತು ರೂಪಾಯಿ, ಕೊಂದವನಿಗೆ ಏಳು ವರ್ಷ. ಅದೂ ಆ ಪ್ರಾಣಿ ದನವಾಗಿದ್ದರೆ ಮಾತ್ರ.

ಈ ಕಾಯ್ದೆಗೆ ಮುಂಚೆ ಇದ್ದದ್ದು 1964ರದು. ಅದರಲ್ಲಿ ಹಸು, ಕರುಗಳ ವಧೆಗೆ ನಿಷೇಧವಿತ್ತು. ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಎಮ್ಮೆ, ಕೋಣಗಳನ್ನು ಅನುಮತಿ ಪಡೆದು ಕೊಯ್ಯಬಹುದಿತ್ತು. ಹೊಸದರಲ್ಲಿ ಎತ್ತು, ಹೋರಿಗಳಿಗೆ ಆ ಅವಕಾಶವಿಲ್ಲ. ಉಳಿದದ್ದು 13 ವರ್ಷ ಮೀರಿದ ಎಮ್ಮೆ-ಕೋಣ ಮಾತ್ರ. ದುಡಿಯಲಾರದ ಎತ್ತನ್ನು ಸಂತೆಗೆ ಹೊಡೆದು, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸ ಎತ್ತು ತರುವುದು ಬಯಲುಸೀಮೆಯ ರೈತನ ಲೆಕ್ಕಾಚಾರವಾಗಿತ್ತು. ಆ ಹಣದ ಬಾಗಿಲು ಮುಚ್ಚಿತು. ಸರ್ಕಾರ 2022ರಲ್ಲಿ ‘ಪುಣ್ಯಕೋಟಿ ದತ್ತು’ ಯೋಜನೆ ತಂದು ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸನ್ನು ಸಾಕಿರಿ ಎಂದು ಜನರನ್ನು ಕೇಳಿತು. ವರ್ಷಕ್ಕೆ 11,000 ಎಂಬುದು ದಿನಕ್ಕೆ 30 ರೂಪಾಯಿ. ಮುದಿ ಎತ್ತಿನ ಮೇವಿನ ಖರ್ಚು ಒಂದು ಕುಟುಂಬಕ್ಕೆ ಎಷ್ಟಾದೀತು ಎಂಬ ಅಂದಾಜು ಸರ್ಕಾರದ ಈ ಲೆಕ್ಕದಲ್ಲೇ ಸಿಗುತ್ತದೆ.

ಇನ್ನೂ ಮುಜುಗರದ ಸಂಗತಿ ಹಾಲಿನದು. ಧಾರವಾಡ ಪೇಢೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಹಾಲು ಕೊಡುವ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆಯೂ ಬಂತು. ಎಮ್ಮೆ ಹಾಲು ಕೊಡಬೇಕಾದರೆ ಈಯಲೇಬೇಕು, ಈದದ್ದರಲ್ಲಿ ಅರ್ಧದಷ್ಟು ಕೋಣಗರುಗಳು. ಟ್ರಾಕ್ಟರ್ ಬಂದ ಊರಲ್ಲಿ ಕೋಣಕ್ಕೆ ಕೆಲಸವಿಲ್ಲ. ತಾಯಿಯ ಹಾಲು ಡೈರಿಗೆ ಹೋಗುವಾಗ ಕರು ಹಸಿದು ಸಾಯುವುದು ಅಥವಾ ಕೈ ಬದಲಾಗುವುದು ಹೈನುಗಾರಿಕೆಯ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಭಾರತ ಜಗತ್ತಿನ ದೊಡ್ಡ ಎಮ್ಮೆ ಮಾಂಸ ರಫ್ತುದಾರ ದೇಶಗಳಲ್ಲೊಂದಾಗಿರುವುದು ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಕರೆಯುವ ದೇಶವಾಗಿರುವುದರಿಂದ. ಪೇಢೆ ತಿನ್ನುವ ಸಸ್ಯಾಹಾರಿ ಮಾಂಸೋದ್ಯಮದ ಹೊರಗೆ ನಿಂತಿದ್ದಾನೆ ಎನ್ನುವುದು ಅಷ್ಟು ಸಲೀಸಲ್ಲ.

ಕೊಯ್ಯುವ ಕ್ಷಣದ ಬಗ್ಗೆ ನಡೆದ ದೊಡ್ಡ ಗದ್ದಲವೆಂದರೆ 2022ರ ಯುಗಾದಿಯ ಸುಮಾರಿಗೆ ಎದ್ದ ಹಲಾಲ್-ಜಟ್ಕಾ ವಿವಾದ. ಯುಗಾದಿಯ ಮರುದಿನ ಮಾಂಸದೂಟ ಮಾಡುವ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ, ಅದಕ್ಕೆ ಪ್ರತಿಕರೆ, ಟಿವಿಯ ಕೂಗಾಟ. ಅದರ ನಡುವೆ ಕೊಯ್ಯುವ ಮುನ್ನ ಪ್ರಾಣಿಯ ಪ್ರಜ್ಞೆ ತಪ್ಪಿಸುವ ಸೌಲಭ್ಯ ಇರಬೇಕೆಂದು ಪಶುಸಂಗೋಪನಾ ಇಲಾಖೆ ಬೆಂಗಳೂರು ಪಾಲಿಕೆಗೆ ಪತ್ರ ಬರೆಯಿತು. ವಿಷಯ ನಿಜವಾಗಿ ಮುಖ್ಯವಾದದ್ದು. 2001ರ ಕಸಾಯಿಖಾನೆ ನಿಯಮಗಳು ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಯ್ಯಬಾರದು ಎನ್ನುತ್ತವೆ. ಯಾವ ಧರ್ಮದವನ ಅಂಗಡಿಯಾದರೂ ಕೋಳಿಯನ್ನು ಕೊಯ್ಯುವುದು ಪಂಜರದಲ್ಲಿ ಉಳಿದ ಕೋಳಿಗಳ ಕಣ್ಣೆದುರಿಗೇ. ಆ ವಿವಾದ ಈ ದೃಶ್ಯವನ್ನು ಮುಟ್ಟಲಿಲ್ಲ, ಹಬ್ಬದ ಜೊತೆಗೇ ತಣ್ಣಗಾಯಿತು. ಕತ್ತಿ ಹಿಡಿದವನ ಬಗ್ಗೆಯೂ ಮಾತು ಬರಲಿಲ್ಲ. ಕಸಾಯಿ, ಆರೆಕಟಿಕ ಸಮುದಾಯಗಳ ಕಸುಬಾಗಿದ್ದದ್ದು ಈಗ ದಿನಗೂಲಿಯ ಹುಡುಗರ ಕೆಲಸವೂ ಆಗಿದೆ. ದಿನವಿಡೀ ರಕ್ತದ ನೆಲದ ಮೇಲೆ ನಿಲ್ಲುವ ಅವರ ಬೆರಳಿಗೆ ಗ್ಲೌಸ್ ಇಲ್ಲ, ಹೆಸರಿಗೆ ಹಾಜರಿ ಪುಸ್ತಕವಿಲ್ಲ. ಅಂಗಡಿಯ ಗರಿ, ಕರುಳು ರಾತ್ರಿ ಊರಾಚೆಯ ರಸ್ತೆ ಬದಿಗೆ ಬಿದ್ದರೆ ಬೆಳಿಗ್ಗೆ ಎತ್ತುವವರು ಪೌರಕಾರ್ಮಿಕರು. ಉಳಿದದ್ದು ಬೀದಿನಾಯಿಗಳಿಗೆ, ಕೆಲವೆಡೆ ಕದ್ದು ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್ ಹೊಂಡಗಳಿಗೆ.

ಫಾಸ್ಟ್ ಫುಡ್ ಇದೇ ಸರಪಳಿಯ ಕೊನೆಯ ಕೊಂಡಿ. ಅದರ ವಿರುದ್ಧ ದೇಶದಲ್ಲಿ ಮೊದಲು ಗಟ್ಟಿಯಾಗಿ ದನಿಯೆತ್ತಿದ ನಾಡು ಕರ್ನಾಟಕವೇ. 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಭಾರತದ ಮೊದಲ ಕೆಎಫ್‌ಸಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತ ಸಂಘ ಅದಾಗಲೇ 1992ರಲ್ಲಿ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತ್ತು. 1995ರ ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆ ಮಿತಿಗಿಂತ ಹೆಚ್ಚು ಅಜಿನೊಮೊಟೊ ಇದೆಯೆಂದು ಕೆಎಫ್‌ಸಿಯ ಪರವಾನಗಿ ರದ್ದು ಮಾಡಿತು, ಹೈಕೋರ್ಟ್ ತಡೆ ಕೊಟ್ಟಿತು. 1996ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನವೇ, ಸಂಘದ ಕಾರ್ಯಕರ್ತರು ಅಂಗಡಿಗೆ ನುಗ್ಗಿ ಗಾಜು ಪೀಠೋಪಕರಣ ಪುಡಿ ಮಾಡಿದರು. ಆ ದಾರಿಯನ್ನು ಒಪ್ಪದವರೂ ಅವರ ವಾದವನ್ನು ಗಮನಿಸಬೇಕು: ಮನುಷ್ಯ ತಿನ್ನಬೇಕಾದ ಕಾಳು ಕೋಳಿಗೆ ಹೋಗುತ್ತದೆ, ಹೊಲದ ಬೆಳೆಯನ್ನು ಪರದೇಶದ ಅಡುಗೆಮನೆ ನಿರ್ಧರಿಸುತ್ತದೆ, ಔಷಧ ತಿಂದ ಕೋಳಿ ಜನರ ಹೊಟ್ಟೆಗೆ ಬರುತ್ತದೆ. ಎರಡನೆಯ ಪ್ರಶ್ನೆಯನ್ನು ಈ ನಾಡಿನಲ್ಲಿ ನೇರವಾಗಿ ಕೇಳಿದ ಗಳಿಗೆ ಅದು. ಅವರ ಗುರಿ ತಪ್ಪಿದ್ದು ಒಂದು ಕಡೆ. ಔಷಧದ ಕೋಳಿ ಪರದೇಶಿ ಅಂಗಡಿಗಷ್ಟೇ ಸೀಮಿತವಾಗಿರಲಿಲ್ಲ. ಓಣಿಯ ಕೋಳಿ ಅಂಗಡಿಗೂ ಅದೇ ಶೆಡ್ಡಿನಿಂದ ಬರುತ್ತಿತ್ತು.

ಇಂದು ಹುಬ್ಬಳ್ಳಿ-ಧಾರವಾಡದ ಫಾಸ್ಟ್ ಫುಡ್ ಎಂದರೆ ಮಾಲಿನ ಬರ್ಗರ್‌ಗಿಂತ ಹೆಚ್ಚಾಗಿ ಸಂಜೆಯ ತಳ್ಳುಗಾಡಿಯ ಎಗ್ ರೈಸ್, ಗೋಬಿ ಮಂಚೂರಿ, ಕಬಾಬ್. ಗಿರಮಿಟ್ಟು, ಮಿರ್ಚಿಯ ಪಕ್ಕದಲ್ಲೇ ಹಾಸ್ಟೆಲ್ ಹುಡುಗರ ರಾತ್ರಿ ಊಟವಾಗಿ ಇವು ಬೆಳೆದವು. ರಾಜ್ಯ ಆರೋಗ್ಯ ಇಲಾಖೆ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದಂತೆ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಬಾಂಬೆ ಮಿಠಾಯಿಯಲ್ಲೂ ಸಿಕ್ಕಿತು. ಜೂನ್‌ನಲ್ಲಿ ಕಬಾಬ್‌ನ 39 ಮಾದರಿಗಳಲ್ಲಿ 8 ಕೆಟ್ಟವೆಂದು ಕಂಡು ಅದಕ್ಕೂ ಕೃತಕ ಬಣ್ಣ ನಿಷೇಧವಾಯಿತು. ಸರಿಯಾದ ಕ್ರಮವೇ. ಆದರೆ ಬಣ್ಣವಿಲ್ಲದ ಕಬಾಬ್ ಗಿರಾಕಿಗೆ ಹಳಸಿದಂತೆ ಕಾಣುತ್ತದೆಂಬ ಭಯದಲ್ಲಿ ಬದುಕುವ ಗಾಡಿಯವನು ಈ ಸರಪಳಿಯಲ್ಲಿ ಅತ್ಯಂತ ಬಡವ. ತಪಾಸಣೆ ಮೊದಲು ಸಿಕ್ಕಿಸಿಕೊಳ್ಳುವುದೂ ಅವನನ್ನೇ. ಗಾಡಿಯ ಪಾತ್ರೆ ತೊಳೆಯುವ ಕೈಗಳು ಎಷ್ಟೋ ಕಡೆ ಮಕ್ಕಳವು. ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ದುಡಿಸುವುದು 2006ರ ಅಕ್ಟೋಬರ್‌ನಿಂದಲೇ ನಿಷಿದ್ಧ. ಆ್ಯಪ್‌ನಲ್ಲಿ ಆರ್ಡರ್ ಆದ ಡಬ್ಬವನ್ನು ಬೈಕಿನಲ್ಲಿ ಒಯ್ಯುವವನಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ಮಾಡಿತು. ಪ್ರತಿ ವ್ಯವಹಾರದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಎತ್ತಲು ಅದರಲ್ಲಿ ಅವಕಾಶವಿದೆ.

ಸಸ್ಯಾಹಾರದ ನೀತಿಯೂ ಮಗುವಿನ ಪೋಷಣೆಯ ನೀತಿಯೂ ಮುಖಾಮುಖಿ ಡಿಕ್ಕಿ ಹೊಡೆದದ್ದು ಶಾಲೆಯ ಮೊಟ್ಟೆಯಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ ಕೆಲವು ಲಿಂಗಾಯತ ಮತ್ತು ಜೈನ ಸ್ವಾಮೀಜಿಗಳು ವಿರೋಧಿಸಿದರು. ಮಕ್ಕಳೇ, ಅದರಲ್ಲೂ ಹೆಣ್ಣುಮಕ್ಕಳು, ಮೊಟ್ಟೆ ಬೇಕೆಂದು ಬಹಿರಂಗವಾಗಿ ಉತ್ತರ ಕೊಟ್ಟರು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಎಂದು ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಹೆಚ್ಚು ಒದಗಿಸಲು ಒಪ್ಪಿದ್ದರಿಂದ ವಾರದ ಆರೂ ದಿನ ಮೊಟ್ಟೆ ಸಿಗುವಂತಾಯಿತು. ಹುಬ್ಬಳ್ಳಿ-ಧಾರವಾಡದ ನಡುವಿನ ರಾಯಾಪುರದಲ್ಲಿರುವ ಅಕ್ಷಯ ಪಾತ್ರೆಯ ದೊಡ್ಡ ಅಡುಗೆಮನೆ 2004ರಿಂದ ಇಲ್ಲಿನ ಮಕ್ಕಳಿಗೆ ಬಿಸಿಯೂಟ ಕಳಿಸುತ್ತಿದೆ. ಅದರ ನಿಯಮದಂತೆ ಅಲ್ಲಿ ಮೊಟ್ಟೆ ಬೇಯುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದರ ಊಟ ಬರುವ ಶಾಲೆಗಳು ಮೊಟ್ಟೆಯನ್ನು ಬೇರೆಯಾಗಿ ಬೇಯಿಸಿಕೊಳ್ಳಬೇಕು. ಸರ್ಕಾರದ ದುಡ್ಡಿನ ಊಟದಲ್ಲಿ ಯಾರ ವ್ರತ ನಡೆಯಬೇಕು ಎಂಬ ಪ್ರಶ್ನೆಗೆ ಮಗುವಿನ ಪರವಾಗಿ ಉತ್ತರ ಕೊಡುವುದೇ ನ್ಯಾಯ. ಅದೇ ಹೊತ್ತಿಗೆ, ಮಗುವಿನ ತಟ್ಟೆಗೆ ಬರುವ ಮೊಟ್ಟೆ ಹೆಚ್ಚಿನಂಶ ಆ ಎ4 ಹಾಳೆಗಿಂತ ಕಿರಿದಾದ ಪಂಜರದ್ದೇ ಎಂಬುದೂ ನಿಜ. ವಿರೋಧಿಸಿದವರಾಗಲಿ ಬೆಂಬಲಿಸಿದವರಾಗಲಿ ಈ ಮಾತನ್ನು ಎತ್ತಲಿಲ್ಲ. ಇಷ್ಟು ದೊಡ್ಡ ಖರೀದಿ ಮಾಡುವ ಸರ್ಕಾರಕ್ಕೆ ಪಂಜರದ ಅಳತೆಯನ್ನೂ ಕರಾರಿನಲ್ಲಿ ಬರೆಸುವ ಶಕ್ತಿ ಇತ್ತು.

ಪರಿಸರದ ವಾದವನ್ನು ಹೊರಗಿನಿಂದ ಹಾಗೇ ಎತ್ತಿ ತರುವುದು ಕಷ್ಟ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಜಾನುವಾರುಗಳ ಪಾಲು ಶೇ 14.5 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜಿಸಿತು. ಆದರೆ ಜೋಳದ ಕಣಿಕೆ, ಶೇಂಗಾ ಹೊಟ್ಟು ತಿಂದು ಬೆಳೆಯುವ ಬಯಲುಸೀಮೆಯ ರಾಸಿಗೂ ಕಾಡು ಕಡಿದು ಮಾಡಿದ ಹುಲ್ಲುಗಾವಲಿನಲ್ಲಿ ಮೇಯುವ ಬ್ರೆಜಿಲಿನ ದನಕ್ಕೂ ಒಂದೇ ತಕ್ಕಡಿ ಹಿಡಿಯಲಾಗದು. ಇಲ್ಲಿ ನೆಲ-ನೀರಿನ ಮೇಲೆ ಹೆಚ್ಚು ಭಾರ ಹಾಕುತ್ತಿರುವುದು ಜೋಳ, ಸಜ್ಜೆಯ ಹೊಲಗಳನ್ನು ಮೆಕ್ಕೆಜೋಳಕ್ಕೆ ತಿರುಗಿಸಿದ ಕೋಳಿ ಫೀಡು.

ಹಿತ್ತಲಲ್ಲಿ ಸಾಕಬಹುದಾದ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ರೂಪಿಸಿ ದಶಕಗಳಾದವು. ನಿಧಾನ ಬೆಳೆಯುವ ಇವು ಮತ್ತು ಜವಾರಿ ಕೋಳಿ ಫಾರಂ ಕೋಳಿಗಿಂತ ದುಬಾರಿ. ಆ ಹೆಚ್ಚಿನ ದರ ಕೊಡಲು ಸಿದ್ಧನಿರುವವನಿಗೂ ತಾನು ಕೊಳ್ಳುತ್ತಿರುವುದು ಯಾವುದೆಂದು ತಿಳಿಯುವ ದಾರಿ ಅಂಗಡಿಯವನ ಮಾತೊಂದೇ. ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಟಣಗಳ ಮೇಲೆ ಕಡ್ಡಾಯ ಮಾಡಿರುವ ಕಂದು ತ್ರಿಕೋನ ಒಳಗಿರುವುದು ಮಾಂಸಾಹಾರವೆಂದು ಹೇಳುತ್ತದೆ, ಹಸಿರು ಚುಕ್ಕೆ ಅಲ್ಲವೆಂದು ಹೇಳುತ್ತದೆ. ಪ್ರಾಣಿ ಪಂಜರದ್ದೋ ಬಯಲಿನದ್ದೋ, ಯಾವ ಔಷಧ ತಿಂದಿತ್ತು, ಎಷ್ಟು ದಿನ ಬದುಕಿತ್ತು ಎಂಬುದಕ್ಕೆ ಗುರುತಿಲ್ಲ. ಓಣಿಯಲ್ಲಿ ಕರಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಡುವ ಕೋಳಿಗಂತೂ ಆ ತ್ರಿಕೋನವೂ ಇರುವುದಿಲ್ಲ.